ಕಜೋರ್ಲಾ ಕಳೆದುಕೊಂಡ 8 ಸೆಂಟಿಮೀಟರ್

ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಗೋಡೆಗೆ ಎರಡು ಬೆರಳು ತಾಗಿಸಿ ಒಂಟಿ ಕಾಲಲ್ಲಿ ನಿಲ್ಲಿ. ಮಂಡಿ ಮಡಚದೆ, ಹಿಮ್ಮಡಿ ಎತ್ತಿ ತುದಿಗಾಲಿಗೆ ಬನ್ನಿ. ನಿಧಾನವಾಗಿ ಇಳಿಯಿರಿ. ಹೀಗೆ ಎಷ್ಟು ಸಲ ಆಗುತ್ತದೆ ಎಣಿಸಿ. ಆಟ ಆಡುವ ಆರೋಗ್ಯವಂತ ಹುಡುಗ ಹುಡುಗಿಯರಿಗೆ ಸುಮಾರು 25 ಸಲ ಆಗಬೇಕು.

ನಾನು ಫಿಸಿಯೋಥೆರಪಿಸ್ಟ್. ಕಾಲು ನೋವೆಂದು ಬರುವ ಪ್ರತಿ ಆಟಗಾರನಿಗೂ ನಾನು ಮೊದಲು ಮಾಡಿಸುವುದು ಇದನ್ನೇ. ಕೆಲವು ತಿಂಗಳ ಹಿಂದೆ ಬಂದ ಒಬ್ಬ ಹುಡುಗ, ಕಾಲೇಜು ತಂಡದ ಮಿಡ್‌ಫೀಲ್ಡರ್, ಬಲಗಾಲಲ್ಲಿ 26 ಸಲ ಮಾಡಿದ. ಎಡಗಾಲಲ್ಲಿ 9ಕ್ಕೆ ನಿಂತುಬಿಟ್ಟ. ಹಿಮ್ಮಡಿ ಏಳಲೇ ಇಲ್ಲ. "ಆಡುವಾಗ ನೋವೇ ಇರಲ್ಲ ಮೇಡಂ. ಮನೆಗೆ ಬಂದು ಅರ್ಧ ಗಂಟೆ ಕೂತು ಎದ್ದರೆ ಮಾತ್ರ ಹೆಜ್ಜೆ ಇಡೋಕಾಗಲ್ಲ" ಅಂದ. ನೋವು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಆಡುತ್ತಲೇ ಇದ್ದ.

ನಾನು ಅವನಿಗೆ ಸ್ಪೇನಿನ ಫುಟ್‌ಬಾಲ್ ಆಟಗಾರ ಸ್ಯಾಂಟಿ ಕಜೋರ್ಲಾ ಕಥೆ ಹೇಳಿದೆ, ಕಾಲು ಹಾಳಾಗಿ ಆಟವೇ ಮುಗಿಯಿತು ಅನ್ನಿಸಿದ ಮೇಲೂ ಮೈದಾನಕ್ಕೆ ಮರಳಿದವನ ಕಥೆ. ಹೆಸರು ಕೇಳಿದ್ದ, ಹುಡುಗ ಕಜೋರ್ಲಾ ಆಡಿದ್ದ ಇಂಗ್ಲೆಂಡಿನ ಅರ್ಸೆನಲ್ ಕ್ಲಬ್‌ನ ಅಭಿಮಾನಿ. "ಅವರದ್ದು ಪವಾಡ ಅಲ್ವಾ ಮೇಡಂ?" ಅಂತ ಕೇಳಿದ. ಪವಾಡ ಅಂತ ಎಲ್ಲರೂ ಅನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕಜೋರ್ಲಾ ಹುಟ್ಟಿದ್ದು 1984ರ ಡಿಸೆಂಬರ್ 13ರಂದು, ಸ್ಪೇನಿನ ಉತ್ತರದ ಅಸ್ಟೂರಿಯಾಸ್ ಪ್ರಾಂತ್ಯದ ಯಾನೆರಾದಲ್ಲಿ. ಎತ್ತರ 168 ಸೆಂಟಿಮೀಟರ್ ಅಷ್ಟೇ. ಫುಟ್‌ಬಾಲ್ ಕಲಿತದ್ದು ಪಕ್ಕದ ಊರಿನ ರಿಯಲ್ ಒವಿಯೆಡೊ ಅಕಾಡೆಮಿಯಲ್ಲಿ. 2003ರಲ್ಲಿ ಆ ಕ್ಲಬ್ ಸಾಲದಲ್ಲಿ ಮುಳುಗಿತು. ಆಟಗಾರರಿಗೆ ಸಂಬಳ ಕೊಡಲಾಗದೆ ಕೆಳಗಿನ ಡಿವಿಷನ್‌ಗೆ ಬಿತ್ತು. ಒವಿಯೆಡೊದ ಮೊದಲ ತಂಡಕ್ಕೆ ಒಂದು ಪಂದ್ಯವನ್ನೂ ಆಡದೆ 18ರ ಹುಡುಗ ವಿಯಾರಿಯಲ್‌ಗೆ ಹೋದ. ಆಮೇಲೆ ರೆಕ್ರಿಯೇಟಿವೊದಲ್ಲಿ ಒಂದು ವರ್ಷ, ಮತ್ತೆ ವಿಯಾರಿಯಲ್, 2011ರಲ್ಲಿ ಮಲಾಗಾ, 2012ರಲ್ಲಿ ಅರ್ಸೆನಲ್. ಈ ನಡುವೆ ಸ್ಪೇನ್ ಜೊತೆ 2008 ಮತ್ತು 2012ರ ಯೂರೋ ಕಪ್ ಗೆದ್ದ. 2010ರ ವಿಶ್ವಕಪ್ ಮಾತ್ರ ಗಾಯದಿಂದ ಕೈತಪ್ಪಿತು.

ಅವನ ಆಟವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಂದಿನ ಕಥೆಗೆ ಅದೇ ಆಧಾರ.

ಹೆಚ್ಚಿನ ಆಟಗಾರರಿಗೆ ಒಂದು ಕಾಲು ಜಾಸ್ತಿ ಒಗ್ಗಿರುತ್ತದೆ. ಬಲಗಾಲಿನವನ ಎಡಗಡೆಗೆ ಚೆಂಡು ಬಂದರೆ ಏನು ಮಾಡುತ್ತಾನೆ ಗಮನಿಸಿ. ಒಂದು ಪುಟ್ಟ ಹೆಜ್ಜೆ ಹಾಕಿ ಮೈ ತಿರುಗಿಸಿ, ಚೆಂಡನ್ನು ಬಲಗಾಲಿಗೆ ತಂದುಕೊಳ್ಳುತ್ತಾನೆ. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಕಜೋರ್ಲಾಗೆ ಆ ಹೆಜ್ಜೆಯೇ ಬೇಕಿಲ್ಲ. ಎರಡೂ ಕಾಲಲ್ಲಿ ಒಂದೇ ಹದದಲ್ಲಿ ಪಾಸ್ ಕೊಡುತ್ತಿದ್ದ, ಕಾರ್ನರ್ ಹೊಡೆಯುತ್ತಿದ್ದ. ಅವನ ಮೂಲ ಕಾಲು ಯಾವುದು ಅಂತ ಅಭಿಮಾನಿಗಳು ವಾದ ಮಾಡುತ್ತಿದ್ದರು. ಚೆಂಡು ಬರುವ ಮೊದಲೇ ಎರಡೂ ಭುಜದ ಮೇಲಿಂದ ಹಿಂದೆ ನೋಡಿಕೊಂಡು, ಮೊದಲ ಸ್ಪರ್ಶದಲ್ಲೇ ಚೆಂಡನ್ನು ಖಾಲಿ ಜಾಗಕ್ಕೆ ತಳ್ಳಿಬಿಡುತ್ತಿದ್ದ. 2015ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಅವರದೇ ಮೈದಾನದಲ್ಲಿ ಅರ್ಸೆನಲ್ 2-0ಯಿಂದ ಸೋಲಿಸಿದ ಪಂದ್ಯ ಸಿಕ್ಕರೆ ನೋಡಿ. ಮೊದಲು ವಿಂಗ್‌ನಲ್ಲೂ ಸ್ಟ್ರೈಕರ್ ಹಿಂದೆಯೂ ಆಡುತ್ತಿದ್ದವನನ್ನು ಅರ್ಸೆನಲ್ ಕೋಚ್ ವೆಂಗರ್ ಆಗ ಮಧ್ಯಕ್ಕೆ, ಡಿಫೆನ್ಸ್ ಮುಂದಕ್ಕೆ ಇಳಿಸಿದ್ದರು. ಒಂದು ಗೋಲು ಅವನ ಪೆನಾಲ್ಟಿ. ಇನ್ನೊಂದು ಅವನ ಫ್ರೀಕಿಕ್‌ಗೆ ಜೊತೆ ಆಟಗಾರ ಜಿರೂ ತಲೆ ಕೊಟ್ಟದ್ದು. ನನಗೆ ಅವೆರಡಕ್ಕಿಂತ ಇಷ್ಟ ಅವನು ಮೂವರ ನಡುವಿನಿಂದ ಓಡದೆಯೇ ಹೊರಗೆ ಬರುವ ರೀತಿ.

ಫಿಸಿಯೋ ಕಣ್ಣಿಗೆ ಇದು ಲೆಕ್ಕ. ಪ್ರತಿ ಹೆಚ್ಚುವರಿ ಹೆಜ್ಜೆಯ ಭಾರವೂ ಹಿಮ್ಮಡಿಯ ಮೇಲಿನ ಹುರಿಗೆ ಬೀಳುತ್ತದೆ. ಕಜೋರ್ಲಾ ಹೆಜ್ಜೆ ಉಳಿಸುವ ಆಟಗಾರ.

ಆ ಹುರಿಯ ಹೆಸರು ಅಕಿಲಿಸ್ ಟೆಂಡನ್. ನಮ್ಮಲ್ಲಿ ಬರುವವರು ಇದನ್ನು 'ನರ' ಅನ್ನುತ್ತಾರೆ, 'ಹಿಂದಿನ ನರ ಹಿಡ್ಕೊಂಡಿದೆ' ಅಂತ. ಅದು ನರ ಅಲ್ಲ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಹಗ್ಗ. ಉದ್ದ ಸುಮಾರು 15 ಸೆಂಟಿಮೀಟರ್. ಮೈಯಲ್ಲಿರುವ ಟೆಂಡನ್‌ಗಳಲ್ಲಿ ಅತ್ಯಂತ ಗಟ್ಟಿ ಇದೇ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ 6ರಿಂದ 8 ಪಟ್ಟು ಎಳೆತ ತಡೆಯುತ್ತದೆ. ಆದರೆ ಅದಕ್ಕೆ ರಕ್ತ ಹರಿಯುವುದು ಕಮ್ಮಿ. ಹಿಮ್ಮಡಿಯಿಂದ 2ರಿಂದ 6 ಸೆಂಟಿಮೀಟರ್ ಮೇಲಿನ ಭಾಗದಲ್ಲಂತೂ ಇನ್ನೂ ಕಮ್ಮಿ. ರಕ್ತ ಕಮ್ಮಿ ಇದ್ದಲ್ಲಿ ವಾಸಿಯಾಗುವುದೂ ನಿಧಾನ. ಮೇಲಿನ ಚರ್ಮವೂ ತೆಳು. ಬೆರಳಲ್ಲಿ ಹಿಡಿದು ನೋಡಿ, ಚರ್ಮಕ್ಕೂ ಹುರಿಗೂ ನಡುವೆ ಮೆತ್ತನೆಯ ಮಾಂಸವೇ ಸಿಗುವುದಿಲ್ಲ.

2013ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ಚಿಲಿ ವಿರುದ್ಧ ಸ್ನೇಹಪಂದ್ಯ. ಅಲ್ಲಿ ಕಜೋರ್ಲಾ ಬಲಗಾಲಿನ ಗಂಟಿಗೆ ಪೆಟ್ಟು ಬಿತ್ತು. ಮೂಳೆಯಲ್ಲಿ ಸಣ್ಣ ಬಿರುಕು. ಕೆಲವು ವಾರಗಳಲ್ಲಿ ಮತ್ತೆ ಆಡಿದ. ಅದರ ಮುಂದಿನ ಮೇ ತಿಂಗಳಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್. ಹಲ್ ಸಿಟಿ ಎಂಟೇ ನಿಮಿಷದಲ್ಲಿ 2-0 ಮುಂದೆ ಹೋದಾಗ, ಅರ್ಸೆನಲ್‌ಗೆ ಜೀವ ತುಂಬಿದ್ದು ಇವನ ಫ್ರೀಕಿಕ್. ಅರ್ಸೆನಲ್ 3-2ರಲ್ಲಿ ಗೆದ್ದಿತು. ಹೊರಗಿನಿಂದ ಎಲ್ಲ ಸರಿ ಇತ್ತು. ಒಳಗೆ ನೋವು ಹೋಗಿರಲಿಲ್ಲ. ಮುಂದೆ ಅವನೇ ಹೇಳಿಕೊಂಡಿದ್ದಾನೆ: ಮೈ ಬಿಸಿಯಾಗಿದ್ದಾಗ ಮೊದಲಾರ್ಧ ಹೇಗೋ ಆಡುತ್ತಿದ್ದೆ, ವಿರಾಮದಲ್ಲಿ ಕಾಲು ತಣ್ಣಗಾದರೆ ಕಣ್ಣಲ್ಲಿ ನೀರು ಬರುತ್ತಿತ್ತು ಅಂತ. 2015ರ ನವೆಂಬರ್‌ನಲ್ಲಿ ನಾರ್ವಿಚ್‌ನಲ್ಲಿ ಮಂಡಿಯ ಲಿಗಮೆಂಟ್‌ಗೆ ಪೆಟ್ಟಾದಾಗಲೂ ದ್ವಿತೀಯಾರ್ಧ ಪೂರ್ತಿ ಆಡಿದ ಮನುಷ್ಯ ಇವನು.

ನನ್ನ ಮುಂದೆ ಕೂತ ಹುಡುಗನೂ ಅದೇ ಮಾತು ಹೇಳಿದ್ದ, ನೆನಪಿದೆಯಲ್ಲ? ಬಿಸಿಯಾದಾಗ ಮಾಯವಾಗುವ, ತಣ್ಣಗಾದಾಗ ವಾಪಸ್ ಬರುವ ನೋವು. ಎಲ್ಲರನ್ನೂ ಮೋಸ ಮಾಡುವ ನೋವು ಇದೇ. ಆಡುವಾಗ ಇಲ್ಲದ್ದರಿಂದ 'ಏನಿಲ್ಲ, ಸುಮ್ನೆ ಹಿಡ್ಕೊಂಡಿದೆ' ಅನ್ನಿಸುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಮೊದಲ ಹತ್ತು ಹೆಜ್ಜೆ ಕುಂಟುತ್ತಿದ್ದರೆ ಆ ಟೆಂಡನ್ ಹೊರಬಲ್ಲದ್ದಕ್ಕಿಂತ ಜಾಸ್ತಿ ಭಾರ ಹೊರುತ್ತಿದೆ ಎಂದೇ ಅರ್ಥ. ಮುಂದೆ ಕಜೋರ್ಲಾಗೆ ಆದದ್ದು ಎಲ್ಲರಿಗೂ ಆಗುವುದಿಲ್ಲ. ಅದು ತೀರಾ ಅಪರೂಪ. ಆದರೆ ಶುರುವಿನ ಈ ಭಾಗ ನನ್ನ ಕ್ಲಿನಿಕ್‌ನಲ್ಲಿ ವಾರಕ್ಕೆ ಎರಡು ಸಲವಾದರೂ ಕಾಣಿಸುತ್ತದೆ.

2016ರ ಅಕ್ಟೋಬರ್ 19. ಚಾಂಪಿಯನ್ಸ್ ಲೀಗ್‌ನಲ್ಲಿ ಲುಡೊಗೊರೆಟ್ಸ್ ವಿರುದ್ಧ ಅರ್ಸೆನಲ್ 6-0 ಗೆಲುವು. ಕಜೋರ್ಲಾ ಅರ್ಸೆನಲ್ ಅಂಗಿ ತೊಟ್ಟು ಆಡಿದ ಕೊನೆಯ ಪಂದ್ಯ ಅದು. ಆಮೇಲೆ ಆ ಬಲಗಾಲಿಗೆ ಶಸ್ತ್ರಚಿಕಿತ್ಸೆ. ಗಾಯ ಒಣಗಲಿಲ್ಲ. ಹೊಲಿಗೆ ಹಾಕಿದರೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು, ಹಳದಿ ನೀರು ಸೋರುತ್ತಿತ್ತು. ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಹೊಲಿಗೆ. ಮಗನ ಜೊತೆ ತೋಟದಲ್ಲಿ ನಡೆದಾಡುವಂತಾದರೆ ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಿ ಎಂಬ ಮಾತನ್ನೂ ಅವನು ಕೇಳಬೇಕಾಯಿತು.

2017ರಲ್ಲಿ ಸ್ಪೇನಿನ ವಿಟೋರಿಯಾ ನಗರದ ಡಾ. ಮಿಕೆಲ್ ಸ್ಯಾಂಚೆಜ್ ಬಳಿ ಹೋದ. ಅವರು ಕಾಲು ತೆರೆದು ನೋಡಿದಾಗ ಸೋಂಕು ಹಿಮ್ಮಡಿಯ ಮೂಳೆಯ ಒಂದು ಭಾಗವನ್ನು ಹಾಳುಮಾಡಿತ್ತು. ಟೆಂಡನ್‌ನಲ್ಲಿ 8 ಸೆಂಟಿಮೀಟರ್ ಇರಲೇ ಇಲ್ಲ. ಬ್ಯಾಕ್ಟೀರಿಯಾ ತಿಂದುಹಾಕಿತ್ತು.

15ರಲ್ಲಿ 8. ಅರ್ಧಕ್ಕಿಂತ ಜಾಸ್ತಿ.

ಔಷಧ ಕೊಟ್ಟರೂ ಹೀಗೇಕೆ ಆಗುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಆ್ಯಂಟಿಬಯೋಟಿಕ್ ಗಾಯಕ್ಕೆ ಹೋಗುವುದು ರಕ್ತದ ಮೂಲಕ. ರಕ್ತವೇ ಸರಿಯಾಗಿ ಹೋಗದ ಜಾಗಕ್ಕೆ ಔಷಧವೂ ಅಷ್ಟಕ್ಕಷ್ಟೇ. ಜೊತೆಗೆ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆಯಂಥ ಪೊರೆ ಕಟ್ಟಿಕೊಂಡು ಒಳಗೆ ಕೂತುಬಿಡುತ್ತವೆ. ಆ ಪೊರೆಯನ್ನು ದಾಟುವುದು ಔಷಧಕ್ಕೆ ಕಷ್ಟ. ಆಗ ಕೆಟ್ಟ ಭಾಗವನ್ನೆಲ್ಲ ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ. ಅದಕ್ಕೇ ನನ್ನ ಪೇಷೆಂಟ್‌ಗಳಿಗೆ ಪದೇ ಪದೇ ಹೇಳುತ್ತೇನೆ: ಶಸ್ತ್ರಚಿಕಿತ್ಸೆಯ ಗಾಯ ಎರಡು ವಾರ ಕಳೆದರೂ ಸೋರುತ್ತಿದ್ದರೆ ಮೇಲೆ ಅರಿಶಿನ ಮೆತ್ತಿ ಕಾಯಬೇಡಿ. ಅವತ್ತೇ ಡಾಕ್ಟರ್‌ಗೆ ತೋರಿಸಿ.

ಹೋದ ಟೆಂಡನ್ ಜಾಗಕ್ಕೆ ತೊಡೆಯ ಹಿಂಭಾಗದಿಂದ ತೆಗೆದ ಭಾಗ ಬಂತು. ಅದನ್ನು ಮುಚ್ಚಲು ಗಟ್ಟಿ ಚರ್ಮ ಬೇಕಲ್ಲ, ಅದು ಎಡ ಮುಂಗೈಯಿಂದ ಬಂತು. ಆ ಕೈ ಮೇಲೆ ಮಗಳ ಹೆಸರಿನ ಹಚ್ಚೆ ಇತ್ತು. ಈಗ ಹೆಸರಿನ ಅರ್ಧ ಕೈಯಲ್ಲಿದೆ, ಅರ್ಧ ಕಾಲಿನ ಗಂಟಿನ ಮೇಲಿದೆ. ಆ ಕಾಲಿನ ಫೋಟೋ 2017ರ ಕೊನೆಗೆ ಸ್ಪೇನಿನ ಪತ್ರಿಕೆಯಲ್ಲಿ ಬಂದಾಗ ಫುಟ್‌ಬಾಲ್ ಜಗತ್ತು ಬೆಚ್ಚಿಬಿತ್ತು. ಇಷ್ಟು ಕೆಟ್ಟ ಗಾಯ ಬಹುಶಃ ನಾನು ಕಂಡೇ ಇಲ್ಲ ಎಂಬರ್ಥದ ಮಾತನ್ನು ವೆಂಗರ್ ಆಡಿದರು.

ಸರಿ, ಪವಾಡದ ಮಾತಿಗೆ ಬರೋಣ. ಕಸಿ ಮಾಡಿದ ಟೆಂಡನ್ ಮೊದಮೊದಲು ಬರೀ ದಾರ. ಅದಕ್ಕೆ ರಕ್ತನಾಳ ಬೆಳೆಯಬೇಕು, ಹೊಸ ನಾರು ಹುಟ್ಟಬೇಕು, ಹುಟ್ಟಿದ ನಾರು ಎಳೆತದ ದಿಕ್ಕಿಗೆ ಸಾಲಾಗಿ ಕೂರಬೇಕು. ಆ ದಿಕ್ಕನ್ನು ಕಲಿಸುವುದು ಭಾರ ಮಾತ್ರ. ಭಾರ ಕೊಡದಿದ್ದರೆ ನಾರು ಸಿಕ್ಕುಸಿಕ್ಕಾಗಿ ಬೆಳೆಯುತ್ತದೆ. ಜಾಸ್ತಿ ಕೊಟ್ಟರೆ ಕಿತ್ತುಹೋಗುತ್ತದೆ. ಹಾಗಾಗಿ ಮೊದಲು ಕೂತು ಹಿಮ್ಮಡಿ ಎತ್ತುವುದು. ಆಮೇಲೆ ನಿಂತು ಎರಡೂ ಕಾಲಲ್ಲಿ. ಎಷ್ಟೋ ವಾರ ಆದಮೇಲೆ ಒಂದು ಕಾಲಲ್ಲಿ. ಮತ್ತೆ ಬೆನ್ನ ಮೇಲೆ ತೂಕ ಹೊತ್ತು. ಅದಾದಮೇಲೆ ಕುಪ್ಪಳಿಸುವುದು, ಓಡುವುದು, ತಿರುಗುವುದು. ಸ್ನಾಯು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಟೆಂಡನ್ ತಿಂಗಳುಗಳನ್ನು ಕೇಳುತ್ತದೆ. ಕಾಲು ಗಟ್ಟಿಯಾಯಿತು ಅಂತ ಆಟಗಾರನಿಗೆ ಅನ್ನಿಸುವುದು ಸ್ನಾಯುವಿನಿಂದ. ತಪ್ಪು ಆಗುವುದು ಅಲ್ಲೇ.

ಕಜೋರ್ಲಾ ಮನೆಮಂದಿಯನ್ನು ಬಿಟ್ಟು ಸಾಲಮಾಂಕಾ ಊರಲ್ಲಿ ಉಳಿದು ಈ ಕೆಲಸ ಮಾಡಿದ. ದಿನವೂ ಅದೇ ಹಿಮ್ಮಡಿ, ಅದೇ ಎಣಿಕೆ. ಇದಕ್ಕಿಂತ ಬೇಸರದ ಕೆಲಸ ಆಟಗಾರನಿಗೆ ಇನ್ನೊಂದಿಲ್ಲ. ದಿನ ಬಿಟ್ಟು ದಿನ ಆ ಬೇಸರವನ್ನು ಕಣ್ಣಾರೆ ನೋಡುವವಳು ನಾನು. ಅದನ್ನು ಪವಾಡ ಅಂದುಬಿಟ್ಟರೆ ಆ ಮನುಷ್ಯ ಬೆವರು ಸುರಿಸಿದ ತಿಂಗಳುಗಳೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತವೆ.

2018ರ ಜುಲೈ 17ರಂದು, 636 ದಿನಗಳ ನಂತರ, ವಿಯಾರಿಯಲ್ ಅಂಗಿಯಲ್ಲಿ ಮತ್ತೆ ಮೈದಾನಕ್ಕಿಳಿದ. ಅವನಿಗೆ 33 ವರ್ಷ. 2019ರ ಜನವರಿ 3ರಂದು ರಿಯಲ್ ಮ್ಯಾಡ್ರಿಡ್ ವಿರುದ್ಧ ಎರಡು ಗೋಲು ಹೊಡೆದ, ಪಂದ್ಯ 2-2. ಎರಡನೆಯದು ಹೆಡರ್. 168 ಸೆಂಟಿಮೀಟರ್ ಎತ್ತರದವನು, ಆ ಕಾಲಿನವನು, ಹೆಡರ್ ಗೋಲು ಹೊಡೆದ! ಆ ವರ್ಷವೇ ಸ್ಪೇನ್ ತಂಡಕ್ಕೆ ಮತ್ತೆ ಕರೆ ಬಂತು. 2019-20ರಲ್ಲಿ ಸ್ಪೇನಿನ ಮೊದಲ ಡಿವಿಷನ್ ಲಾ ಲಿಗಾದಲ್ಲಿ 11 ಗೋಲು. ಆಮೇಲೆ ಕತಾರಿನ ಅಲ್ ಸದ್‌ಗೆ ಹೋದ. ಅಲ್ಲಿ ಕೋಚ್ ಆಗಿದ್ದವರು ಹಳೆಯ ಜೊತೆಗಾರ ಷಾವಿ.

ಕಸಿಯ ಟೆಂಡನ್ ಎಷ್ಟೇ ಚೆನ್ನಾಗಿ ಕೂತರೂ ಮೊದಲಿನ ಪುಟಿತ ಪೂರ್ತಿ ಬರುವುದು ಕಷ್ಟ. ಓಟವನ್ನೇ ನಂಬಿದ ವಿಂಗರ್‌ಗೆ ಹೀಗಾಗಿದ್ದರೆ ವೃತ್ತಿ ಅಲ್ಲಿಗೇ ಮುಗಿಯುತ್ತಿತ್ತು ಎಂದೇ ನನ್ನ ಅಂದಾಜು. ಕಜೋರ್ಲಾಗೆ ಚೆಂಡು ಬರುವ ಮೊದಲೇ ಮುಂದಿನದು ಕಾಣುತ್ತಿತ್ತು. ಎರಡೂ ಕಾಲು ಒಂದೇ ಹದದಲ್ಲಿದ್ದವು. ಕಾಲು ಕೊಡಲಾಗದ್ದನ್ನು ಅವನ ಆಟ ಕೇಳಲೇ ಇಲ್ಲ. ಎಳೆಯ ವಯಸ್ಸಲ್ಲಿ ಕಲಿತ ಆ ಎರಡನೇ ಕಾಲು 33ರಲ್ಲಿ ಅವನನ್ನು ಉಳಿಸಿತು. ಮಕ್ಕಳಿಗೆ ಆಟ ಕಲಿಸುವ ಕೋಚ್‌ಗಳಿಗೆ ನಾನು ಇದನ್ನು ಸಿಕ್ಕಿದಾಗೆಲ್ಲ ಹೇಳುತ್ತೇನೆ.

2023ರಲ್ಲಿ, 38ನೇ ವಯಸ್ಸಲ್ಲಿ, ತಾನು ಬೆಳೆದ ಒವಿಯೆಡೊಗೆ ವಾಪಸ್ ಬಂದ. ಕ್ಲಬ್ ಆಗ ಎರಡನೇ ಡಿವಿಷನ್‌ನಲ್ಲಿತ್ತು. ಲೀಗ್ ನಿಯಮ ಬಿಡುವ ಅತಿ ಕಡಿಮೆ ಸಂಬಳ ಸಾಕು ಅಂದ. ತನ್ನ ಹೆಸರಿನ ಅಂಗಿ ಮಾರಾಟದ ಶೇ 10ರಷ್ಟು ಹಣ ಅಕಾಡೆಮಿಗೆ ಹೋಗಲಿ ಅಂದ. 2012ರಲ್ಲಿ ಕ್ಲಬ್ ಮುಚ್ಚುವ ಹಂತಕ್ಕೆ ಬಂದಾಗಲೂ ಷೇರು ಕೊಂಡು ನೆರವಾದವರಲ್ಲಿ ಅವನಿದ್ದ. ಮೊದಲ ವರ್ಷ, ಮೇಲಿನ ಡಿವಿಷನ್‌ಗೆ ಏರಲು ಆಡುವ ಪ್ಲೇಆಫ್‌ನ ಫೈನಲ್‌ನಲ್ಲಿ ಎಸ್ಪಾನ್ಯೋಲ್ ಎದುರು ಸೋಲು. 2025ರ ಜೂನ್ 21ರಂದು ಮತ್ತೆ ಫೈನಲ್, ಕಾರ್ಲೋಸ್ ತಾರ್ತಿಯೆರೆ ಮೈದಾನದಲ್ಲಿ ಮಿರಾಂಡೆಸ್ ವಿರುದ್ಧ. ಎರಡು ಪಂದ್ಯಗಳ ಈ ಫೈನಲ್‌ನಲ್ಲಿ ಮೊದಲನೆಯದನ್ನು 1-0ಯಿಂದ ಸೋತಾಗಿತ್ತು. ಇಲ್ಲೂ ಮಿರಾಂಡೆಸ್ ಮೊದಲು ಗೋಲು ಹೊಡೆಯಿತು. ಆಗ ಪೆನಾಲ್ಟಿ ಸಿಕ್ಕಿತು. 40 ವರ್ಷದ ಕಜೋರ್ಲಾ ಚೆಂಡಿಟ್ಟು ಗೋಲು ಹೊಡೆದ. ಹೆಚ್ಚುವರಿ ಅವಧಿ ಮುಗಿದಾಗ 3-1. ಒವಿಯೆಡೊ 24 ವರ್ಷಗಳ ಮೇಲೆ ಮೊದಲ ಡಿವಿಷನ್‌ಗೆ ಬಂತು.

ನಮ್ಮ ಹುಡುಗನ ಟೆಂಡನ್ ಹರಿದಿಲ್ಲ, ಸೋಂಕೂ ಇಲ್ಲ. ಆರು ವಾರ ಪಂದ್ಯ ಬೇಡ ಅಂದೆ, ಪೂರ್ತಿ ವಿಶ್ರಾಂತಿಯೂ ಬೇಡ ಅಂದೆ. ದಿನ ಬಿಟ್ಟು ದಿನ ಬಂದು ಬೆನ್ನಿಗೆ ತೂಕದ ಚೀಲ ಹಾಕಿಕೊಂಡು ಹಿಮ್ಮಡಿ ಎತ್ತುತ್ತಾನೆ. ಮೇಲೆ ಹೋಗಲು ಮೂರು ಎಣಿಕೆ, ಕೆಳಗೆ ಬರಲು ಮೂರು. ಬಿಡುವಿನಲ್ಲಿ ಕೂತುಕೊಂಡು ಗೋಡೆಗೆ ಎಡಗಾಲಲ್ಲಿ ಟೆನಿಸ್ ಚೆಂಡು ಒದೆಯುತ್ತಾನೆ, ಅದು ಅವನೇ ಹುಡುಕಿಕೊಂಡದ್ದು. ಕಳೆದ ಗುರುವಾರ ಎಡಗಾಲಲ್ಲಿ 17ಕ್ಕೆ ಬಂದಿದ್ದಾನೆ.