ಕಡಲಿನ ಬೆನ್ನು ಹತ್ತಿ ಹೋದ ಊರು

ಫಿನ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಬ್ಯೋರ್ಕೊಬಿ ಅಂತ ಒಂದು ಮೀನುಗಾರರ ಹಳ್ಳಿ ಇದೆ. ಅಲ್ಲಿ ಬೊಡ್‌ವಾಟ್ನೆಟ್ ಅನ್ನುವ ನೀರಿನ ದಂಡೆಯಲ್ಲಿ ದೋಣಿ ಇಡುವ ಹಳೇ ಮರದ ಕೊಟ್ಟಿಗೆಗಳಿವೆ. ಹಲಗೆಗಳು ಬಿಸಿಲು, ಹಿಮಕ್ಕೆ ಬೂದಿಯ ಬಣ್ಣಕ್ಕೆ ತಿರುಗಿವೆ. ಒಂದು ಕಾಲಕ್ಕೆ ಇಲ್ಲಿಂದಲೇ ದೋಣಿಗಳು ಕಡಲಿಗೆ ಇಳಿಯುತ್ತಿದ್ದವು. ಈಗ ಸುತ್ತ ಜೊಂಡು ಬೆಳೆದಿದೆ, ನೀರು ಹೆಚ್ಚುಕಮ್ಮಿ ಕೆರೆಯಾಗಿದೆ. ದೋಣಿ ಹೊರಡುವುದೇ ಕಷ್ಟವಾದಾಗ ಹಳ್ಳಿಯವರು ಬಂದರನ್ನು ಇನ್ನೂ ಹೊರಗೆ, ಸ್ವೆಡ್ಯೆಹಾಮ್ನ್ ಅನ್ನುವ ಜಾಗಕ್ಕೆ ಸಾಗಿಸಿದರು.

ಬರೀ ಹೂಳು ತುಂಬಿ ಹೀಗಾದದ್ದಲ್ಲ. ಅಲ್ಲಿ ನೆಲವೇ ಮೇಲಕ್ಕೆ ಏಳುತ್ತಿದೆ. ವರ್ಷಕ್ಕೆ ಸುಮಾರು 8ರಿಂದ 9 ಮಿಲಿಮೀಟರ್. ಒಂದು ಪೆನ್ಸಿಲ್ ದಪ್ಪ ಇದೆಯಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ. ಕಡಲ್ಕೊರೆತದ ಸುದ್ದಿ ಓದಿ ಬೆಳೆದ ನಮಗೆ ಇದು ತಲೆಕೆಳಗಾದ ಮಾತು ಅನಿಸುತ್ತದೆ, ಅಲ್ವಾ? ಕಡಲು ಮನೆ ನುಂಗುವುದು ಗೊತ್ತು. ಮನೆಯನ್ನು ದಂಡೆಯಲ್ಲೇ ಬಿಟ್ಟು ಕಡಲು ದೂರ ಹೋಗುವುದು ಗೊತ್ತಿಲ್ಲ.

ಈ ಹಳ್ಳಿಗೆ ಹತ್ತಿರದ ಪಟ್ಟಣ ವಾಸಾ. ಬೋಥ್ನಿಯಾ ಕೊಲ್ಲಿಯ ದಂಡೆಯಲ್ಲಿ, 63 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಊರು. ಜನಸಂಖ್ಯೆ 70 ಸಾವಿರದ ಆಸುಪಾಸು. ಫಿನ್ನಿಷ್ ಮಾತಾಡುವವರು ಜಾಸ್ತಿ, ಸ್ವೀಡಿಷ್ ಮನೆಮಾತಿನವರು ಕಾಲು ಭಾಗದ ಹತ್ತಿರ. ಬೀದಿಯ ಫಲಕಗಳಲ್ಲಿ ಎರಡೂ ಭಾಷೆ. ಈ ಊರಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ರಾಜರು, ಯುದ್ಧ, ಬೆಂಕಿ ಅಂತ ಶುರು ಮಾಡುತ್ತಾರೆ. ನನಗೆ ಮಾತ್ರ ಇದು ಆ ಪೆನ್ಸಿಲ್ ದಪ್ಪದ ಕಥೆಯಾಗಿಯೇ ಕಾಣುತ್ತದೆ.

ಊರಿನ ಸುತ್ತಮುತ್ತಲ ಹೆಸರುಗಳನ್ನೇ ನೋಡಿ. ಹಳೇ ವಾಸಾದ, ಅಂದರೆ ಊರು ಮೊದಲು ಇದ್ದ ಜಾಗದ, ಪಕ್ಕದಲ್ಲಿ 14ನೇ ಶತಮಾನದ ಕೊನೆಯಲ್ಲಿ ಒಂದು ಕೋಟೆ ಕಟ್ಟಿದರು. ಅದರ ಹೆಸರು ಕೊರ್ಸ್‌ಹೊಲ್ಮ್. ಸ್ವೀಡಿಷ್‌ನಲ್ಲಿ ಶಿಲುಬೆಯ ನಡುಗಡ್ಡೆ ಎಂದರ್ಥ. ಅದೇ ಸೀಮೆಗೆ ಫಿನ್ನಿಷ್‌ನಲ್ಲಿ ಮುಸ್ತಸಾರಿ ಅನ್ನುತ್ತಾರೆ, ಅಂದರೆ ಕಪ್ಪು ದ್ವೀಪ. ಕೋಟೆಯ ಕುರುಹಾಗಿ ಇವತ್ತು ಉಳಿದಿರುವುದು ಹುಲ್ಲು ಬೆಳೆದ ಒಂದು ದಿಬ್ಬ. ಸುತ್ತ ಗದ್ದೆ, ಮನೆ, ರಸ್ತೆ. ನೀರು ಕಣ್ಣಿಗೂ ಬೀಳುವುದಿಲ್ಲ. ನೆಲ ಮರೆತದ್ದನ್ನು ಹೆಸರು ನೆನಪಿಟ್ಟುಕೊಂಡಿದೆ.

1606ರ ಅಕ್ಟೋಬರ್ 2ರಂದು ಸ್ವೀಡನ್ನಿನ ದೊರೆ ಒಂಬತ್ತನೇ ಚಾರ್ಲ್ಸ್ ಇಲ್ಲಿ ಪಟ್ಟಣ ಸ್ಥಾಪಿಸಿದ. ಆಗ ಫಿನ್ಲೆಂಡ್ ಸ್ವೀಡನ್ನಿನ ಭಾಗ. 1611ರಲ್ಲಿ ರಾಜಮನೆತನದ ಹೆಸರನ್ನೇ ಊರಿಗೆ ಇಟ್ಟರು. ಹಡಗು ಕಟ್ಟುವುದು, ಡಾಂಬರು ಮಾರುವುದು ಊರಿನ ಕಸುಬು. ಇಲ್ಲಿ ಡಾಂಬರು ಅಂದರೆ ರಸ್ತೆಗೆ ಹಾಕುವುದಲ್ಲ. ಪೈನ್ ಮರದ ಬೇರು, ಬೊಡ್ಡೆಗಳನ್ನು ಗುಂಡಿಯಲ್ಲಿ ನಿಧಾನಕ್ಕೆ ಸುಟ್ಟು ಇಳಿಸುವ ಕಪ್ಪು ಅಂಟು. ಮರದ ಹಡಗಿಗೆ ನೀರು ನುಗ್ಗದಂತೆ ಅದನ್ನೇ ಬಳಿಯುತ್ತಿದ್ದರು. ಈ ಕರಾವಳಿಯ ಪಟ್ಟಣಗಳು ಹೊರದೇಶಕ್ಕೆ ನೇರವಾಗಿ ಮಾರುವಂತಿರಲಿಲ್ಲ, ಸರಕೆಲ್ಲ ಸ್ಟಾಕ್‌ಹೋಮ್ ಮೂಲಕವೇ ಹೋಗಬೇಕಿತ್ತು. 1765ರಲ್ಲಿ ಆ ಕಟ್ಟಳೆ ಹೋಯಿತು. ವ್ಯಾಪಾರಿಗಳ ಕೈಯಲ್ಲಿ ದುಡ್ಡು ಆಡತೊಡಗಿತು.

ಆದರೆ ಅಷ್ಟರಲ್ಲಿ ಬಂದರು ಬತ್ತುತ್ತಿತ್ತು. ಲೆಕ್ಕ ಹಾಕಿ ನೋಡಿ. ಊರು ಹುಟ್ಟಿದ್ದು 1606ರಲ್ಲಿ, ಸುಟ್ಟುಹೋದದ್ದು 1852ರಲ್ಲಿ. ನಡುವೆ 246 ವರ್ಷ. ಅಷ್ಟರಲ್ಲಿ ನೆಲ ಸುಮಾರು 2 ಮೀಟರ್ ಎದ್ದಿದೆ. ಈ ಕರಾವಳಿ ಎಷ್ಟು ಸಪಾಟು ಅಂದರೆ ನೆಲ ಒಂದು ಮೀಟರ್ ಎದ್ದರೆ ದಂಡೆ ನೂರಾರು ಮೀಟರ್ ಹೊರಗೆ ಸರಿಯುತ್ತದೆ. ಸರಕು ತುಂಬಿದ ಹಡಗು ಊರಿನ ಬಾಗಿಲಿಗೆ ಬರಲಾರದೆ ಹೊರಗಿನ ಪಲೊಸಾರಿಯಲ್ಲಿ ನಿಲ್ಲತೊಡಗಿತು.

ಬೆಂಕಿ ಬಿದ್ದದ್ದು 1852ರ ಆಗಸ್ಟ್ 3ರ ಬೆಳಗಿನ ಜಾವ. ನ್ಯಾಯಾಧೀಶರೊಬ್ಬರ ಕೊಟ್ಟಿಗೆಯಲ್ಲಿ ಶುರುವಾಯಿತು. ಎಲ್ಲಿಂದಲೋ ಬಂದವನೊಬ್ಬ ಅಲ್ಲಿ ಮಲಗಿ, ಪೈಪು ಸೇದುತ್ತ ನಿದ್ದೆ ಹೋದ, ಕಿಡಿ ಒಣಹುಲ್ಲಿಗೆ ಬಿತ್ತು ಅಂತ ಊರಿನವರು ಹೇಳಿಕೊಂಡು ಬಂದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಉರಿಯುತ್ತಿತ್ತು. ಮರದ ಮನೆಗಳು, ಒತ್ತೊತ್ತಾದ ಓಣಿಗಳು, ಇನ್ನೇನಾಗುತ್ತದೆ? 379 ಕಟ್ಟಡಗಳಿದ್ದ ಊರಿನಲ್ಲಿ ಖಾಸಗಿಯವರದ್ದು ಉಳಿದದ್ದು 24 ಮಾತ್ರ. ದಾಖಲೆ ಪತ್ರಗಳೂ ಸುಟ್ಟುಹೋದವು. ಹೀಗಾಗಿ ಈ ಊರಿನ ಎಷ್ಟೋ ಮನೆತನಗಳಿಗೆ ತಮ್ಮ ಹಿಂದಿನವರ ಕಾಗದವೇ ಇಲ್ಲ.

ಉಳಿದುಕೊಂಡ ಕಟ್ಟಡಗಳಲ್ಲಿ ಒಂದು, 1780ರ ಹೊತ್ತಿಗೆ ಒಬ್ಬ ಶ್ರೀಮಂತ ವ್ಯಾಪಾರಿ ಮನೆತನದವರು ಕಟ್ಟಿದ್ದು. ಅದು ಈಗ ಹಳೇ ವಾಸಾ ಮ್ಯೂಸಿಯಂ. ಮೂರನೇ ಗುಸ್ತಾವ್ ದೊರೆಯ ಕಾಲದ ಮೇಲ್ಮನವಿ ನ್ಯಾಯಾಲಯದ ಕಟ್ಟಡವೂ ಉಳಿಯಿತು. ನ್ಯಾಯಾಲಯ ಹೊಸ ಊರಿಗೆ ಹೋದ ಮೇಲೆ ಅದನ್ನು ಚರ್ಚ್ ಮಾಡಿಕೊಂಡರು, ಇವತ್ತಿಗೂ ಅದು ಚರ್ಚೇ. ಊರಿನ ನಿಜವಾದ ಹಳೇ ಚರ್ಚ್ ಮಾತ್ರ ಮತ್ತೆ ಏಳಲಿಲ್ಲ. ಸೇಂಟ್ ಮೇರಿಯ ಆ ಕಲ್ಲಿನ ಚರ್ಚ್‌ನ ಗೋಡೆಗಳು ಸೂರಿಲ್ಲದೆ ಹುಲ್ಲಿನ ನಡುವೆ ನಿಂತಿವೆ. ವಾಸಾಗೆ ಹೋದವರು ಹೊಸ ಊರು ನೋಡಿ ವಾಪಸ್ ಬಂದುಬಿಡಬಾರದು. ಈ ಗೋಡೆಗಳ ಹತ್ತಿರ ನಿಂತರೆ ಮಾತ್ರ ಅರ್ಥವಾಗುತ್ತದೆ, ಬಂದರು ಪಟ್ಟಣವೊಂದರ ನಡುಮಧ್ಯದಲ್ಲಿ ನಿಂತಿದ್ದರೂ ಅಲ್ಲಿ ಕಡಲಿನ ಗಾಳಿಯೇ ಇಲ್ಲ ಅಂತ.

ಬೆಂಕಿಯಿಂದ ಊರು ಜಾಗ ಬದಲಿಸಿತು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಅರ್ಧ ಸತ್ಯ. ಫಿನ್ಲೆಂಡಿನಲ್ಲಿ ಸುಟ್ಟುಹೋದ ಮರದ ಪಟ್ಟಣಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಅದೇ ಜಾಗದಲ್ಲಿ ಮತ್ತೆ ಎದ್ದವು. ವಾಸಾ ಎದ್ದುಹೋದದ್ದು ಕಡಲು ಅದನ್ನು ಮೊದಲೇ ಬಿಟ್ಟುಹೋಗಿದ್ದರಿಂದ. ಬೆಂಕಿ ಬರೀ ನೆಪ.

ಹೊಸ ಊರು ವಾಯವ್ಯಕ್ಕೆ ಸುಮಾರು 7 ಕಿಲೋಮೀಟರ್ ದೂರದಲ್ಲಿ, ನೀರಿನ ಅಂಚಿನಲ್ಲಿ, 1862ರ ಹೊತ್ತಿಗೆ ಎದ್ದು ನಿಂತಿತು. ಅಷ್ಟರಲ್ಲಿ ಫಿನ್ಲೆಂಡ್ ರಷ್ಯದ ಚಕ್ರವರ್ತಿಯ ಕೈಯಲ್ಲಿತ್ತು. ತೀರಿಕೊಂಡ ಮೊದಲನೇ ನಿಕೊಲಸ್‌ನ ನೆನಪಿಗೆ ಊರಿಗೆ ನಿಕೊಲಾಯಿಸ್ಟಾಡ್ ಅಂತ ಹೆಸರಿಟ್ಟರು. 1917ರಲ್ಲಿ ಆ ಹೆಸರು ಹೋಗಿ ಮತ್ತೆ ವಾಸಾ ಬಂತು. ನಕ್ಷೆ ಮಾಡಿದವರು ಕಾರ್ಲ್ ಆಕ್ಸೆಲ್ ಸೆಟ್ಟರ್‌ಬೆರ್ಗ್ ಎಂಬ ವಾಸ್ತುಶಿಲ್ಪಿ. ಬೆಂಕಿಯ ಹೆದರಿಕೆ ಆ ನಕ್ಷೆಯ ತುಂಬ ಕಾಣುತ್ತದೆ. ಮರಗಳ ಸಾಲಿರುವ ಐದು ಅಗಲವಾದ ರಸ್ತೆಗಳು ಊರನ್ನು ತುಂಡು ತುಂಡು ಮಾಡುತ್ತವೆ. ಒಂದು ತುಂಡಿನಲ್ಲಿ ಬೆಂಕಿ ಎದ್ದರೆ ಇನ್ನೊಂದಕ್ಕೆ ಹಾರಬಾರದು. ಕೇರಿಗಳ ಒಳಗೂ ನಡುವೆ ಓಣಿ ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ನೆರಳಲ್ಲಿ ನಡೆಯುವವರಿಗೆ ಇದು ಬರೀ ಚೆಂದದ ರಸ್ತೆ. ರೈಲು ನಿಲ್ದಾಣದಿಂದ ಹೊರಟರೆ ಇಂಥದ್ದೇ ಒಂದು ರಸ್ತೆ ಮಾರುಕಟ್ಟೆ ಚೌಕ ದಾಟಿ ನೇರವಾಗಿ ಕಡಲಕಡೆಯ ಕೆಂಪು ಇಟ್ಟಿಗೆಯ ಮೇಲ್ಮನವಿ ನ್ಯಾಯಾಲಯಕ್ಕೆ ಮುಟ್ಟಿಸುತ್ತದೆ. ಅದೂ, 1869ರ ದೊಡ್ಡ ಚರ್ಚ್ ಕೂಡ ಸೆಟ್ಟರ್‌ಬೆರ್ಗ್ ಅವರ ಕೆಲಸವೇ.

ಮಾರುಕಟ್ಟೆ ಚೌಕದಲ್ಲಿ 1938ರ ಸ್ವಾತಂತ್ರ್ಯ ಸ್ಮಾರಕವಿದೆ. 1918ರ ಅಂತರ್ಯುದ್ಧದಲ್ಲಿ ಹೆಲ್ಸಿಂಕಿ ಎಡಪಂಥೀಯರ ಕೆಂಪು ಪಡೆಯ ಕೈಗೆ ಬಿದ್ದಾಗ ಸರ್ಕಾರ ಇಲ್ಲಿಗೆ ಬಂದು ಕೂತಿತ್ತು, ಕೆಲವು ತಿಂಗಳು ವಾಸಾವೇ ಸರ್ಕಾರದ ಪರವಾದ ಬಿಳಿ ಪಡೆಯ ರಾಜಧಾನಿ. ಆ ಕಥೆ ದೊಡ್ಡದು, ಇಲ್ಲಿ ಬೇಡ. ಬಂದರಿನ ವಿಷಯಕ್ಕೆ ಬಂದರೆ, ಅದು ಹೊಸ ಊರಲ್ಲೂ ನಿಂತಲ್ಲಿ ನಿಲ್ಲಲಿಲ್ಲ. ಇನ್ನೂ ಹೊರಗಿನ ವಸ್ಕಿಲುವೊತೊ ದ್ವೀಪಕ್ಕೆ ಹೋಯಿತು. ಸ್ವೀಡನ್ನಿನ ಉಮಿಯೊಗೆ ಹೋಗುವ ಹಡಗು ಇವತ್ತು ಅಲ್ಲಿಂದಲೇ ಹೊರಡುತ್ತದೆ.

ನೆಲ ಯಾಕೆ ಏಳುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಥರ್ಮಾಮೀಟರ್‌ನ ಅಳತೆಗೆ ಹೆಸರು ಕೊಟ್ಟ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್, 1731ರಲ್ಲಿ ಕೊಲ್ಲಿಯ ಲೋವ್‌ಗ್ರುಂಡ್ ದ್ವೀಪದ ಬಂಡೆಯ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಕೊರೆಸಿದರು. ಅವರು ಆಧಾರ ಹುಡುಕಿದ ಇನ್ನೊಂದು ಕಡೆ ನನಗೆ ಬಹಳ ಇಷ್ಟ. ಸೀಲ್ ಪ್ರಾಣಿಗಳು ಬಂದು ಮಲಗುವ ಬಂಡೆಗಳು ಆ ಕಾಲದಲ್ಲಿ ಆಸ್ತಿ. ಅವಕ್ಕೆ ಒಡೆಯರಿದ್ದರು, ಕಾಗದ ಪತ್ರ ಇತ್ತು. ಬಂಡೆ ನೀರಿಗೆ ಸಮವಾಗಿದ್ದರೆ ಸೀಲ್ ಹತ್ತುತ್ತದೆ, ಬೇಟೆ ಸಿಗುತ್ತದೆ. ಮೇಲೆದ್ದ ಬಂಡೆಗೆ ಸೀಲ್ ಹತ್ತಲಾರದು, ಅದಕ್ಕೆ ಬೆಲೆಯೂ ಇಲ್ಲ. ಬೇಟೆಗಾರರ ಹಳೇ ಕಾಗದಗಳೇ ಕಡಲಿನ ಅಳತೆಗೋಲಾದವು.

ಆದರೆ ಸೆಲ್ಸಿಯಸ್ ಅಂದುಕೊಂಡದ್ದು ನೀರು ಕಮ್ಮಿಯಾಗುತ್ತಿದೆ ಅಂತ. ಅದಕ್ಕೆ ಧರ್ಮಗುರುಗಳ ವಿರೋಧ ಬಂತು. ತುರ್ಕುವಿನ ಬಿಷಪ್ ಯೋಹಾನ್ ಬ್ರೊವಾಲಿಯುಸ್ 1755ರಲ್ಲಿ ಇದನ್ನು ಅಲ್ಲಗಳೆದು ಪುಸ್ತಕವನ್ನೇ ತಂದರು. ಹತ್ತು ವರ್ಷದ ನಂತರ, 1765ರಲ್ಲಿ, ಫಿನ್ಲೆಂಡಿನ ಸರ್ವೇಯರ್ ಎಫ್ರೈಮ್ ಒಟ್ಟೊ ರೂನೆಬೆರ್ಗ್ ಬೇರೆ ಮಾತು ಹೇಳಿದರು: ಇಳಿಯುತ್ತಿರುವುದು ನೀರಲ್ಲ, ಅಲುಗುತ್ತಿರುವುದು ನೆಲ. ದಂಡೆಯ ಜಮೀನು ಅಳೆಯುವವರ ಕಣ್ಣಿಗೆ ಇದು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಕಾರಣಕ್ಕೆ ಮಾತ್ರ ಇನ್ನೂ ನೂರು ವರ್ಷ ಕಾಯಬೇಕಾಯಿತು. 1865ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಜೇಮಿಸನ್, ಹಿಮಯುಗದ ಮಂಜುಗಡ್ಡೆಯ ಭಾರಕ್ಕೆ ನೆಲ ಕುಸಿದಿತ್ತು, ಭಾರ ಇಳಿದ ಮೇಲೆ ಏಳುತ್ತಿದೆ ಅಂದರು. ಅದೇ ಸರಿ. ಇಲ್ಲಿ ಸುಮಾರು 3 ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಕೂತಿತ್ತು. ಅದು ಕರಗಿ ಸುಮಾರು 10,000 ವರ್ಷ ಆಯಿತು. ಹತ್ತಿಯ ಹಾಸಿಗೆ ಮೇಲಿಂದ ಎದ್ದರೆ ತಗ್ಗು ಕೂಡಲೇ ತುಂಬುವುದಿಲ್ಲ. ನೆಲವೂ ಹಾಗೇ. ಇನ್ನೂ ನೂರು ಮೀಟರ್‌ನಷ್ಟು ಏಳುವುದು ಬಾಕಿ ಇದೆ ಅನ್ನುವುದು ಒಂದು ಅಂದಾಜು.

ವಾಸಾದ ಮುಂದಿನ ಕಡಲಿಗೆ ಫಿನ್ನಿಷ್‌ನಲ್ಲಿ ಮೆರೆನ್‌ಕುರ್ಕು ಅನ್ನುತ್ತಾರೆ. ಅಂದರೆ ಕಡಲಿನ ಗಂಟಲು. ಸ್ವೀಡಿಷ್ ಹೆಸರು ಕ್ವಾರ್ಕೆನ್. ಕೊಲ್ಲಿ ಇಲ್ಲಿ ಕಿರಿದಾಗುತ್ತದೆ, ಆಳವೂ ಕಮ್ಮಿ. 1809ರ ಮಾರ್ಚ್‌ನಲ್ಲಿ ರಷ್ಯದ ಸೈನ್ಯ ಹೆಪ್ಪುಗಟ್ಟಿದ ಈ ಕಡಲಿನ ಮೇಲೆ ನಡೆದೇ ಸ್ವೀಡನ್ ದಂಡೆ ಸೇರಿತ್ತು. ಸುಮಾರು 5,600 ದ್ವೀಪ, ನಡುಗಡ್ಡೆಗಳಿವೆ. ವರ್ಷಕ್ಕೆ ಸುಮಾರು ಒಂದು ಚದರ ಕಿಲೋಮೀಟರ್ ಹೊಸ ನೆಲ ನೀರಿನಿಂದ ಹೊರಬರುತ್ತದೆ. ಆಚೆ ದಂಡೆಯ ಸ್ವೀಡನ್ನಿನ ಎತ್ತರದ ಕರಾವಳಿಯಲ್ಲಿ, ಒಮ್ಮೆ ಕಡಲಿನ ಅಂಚಾಗಿದ್ದ ಗೆರೆ ಈಗ 286 ಮೀಟರ್ ಮೇಲಿದೆ. ಅದು 2000ರಲ್ಲಿ ವಿಶ್ವ ಪರಂಪರೆ ತಾಣವಾಯಿತು, 2006ರಲ್ಲಿ ಕ್ವಾರ್ಕೆನ್ ಅದಕ್ಕೆ ಸೇರಿತು. ಒಂದು ಕಡೆ ಕಡಿದಾದ ಗುಡ್ಡ, ಇನ್ನೊಂದು ಕಡೆ ಅಂಗೈಯಂಥ ಸಪಾಟು. ಕಾರಣ ಒಂದೇ.

ನೋಡಬೇಕಾದರೆ 1997ರಲ್ಲಿ ತೆರೆದ 1,045 ಮೀಟರ್ ಉದ್ದದ ರೆಪ್ಲೋಟ್ ಸೇತುವೆ ದಾಟಿ ಸ್ವೆಡ್ಯೆಹಾಮ್ನ್‌ಗೆ ಹೋಗಬೇಕು. ಅಲ್ಲಿ ಸಾಲ್ಟ್‌ಕಾರೆಟ್ ಅನ್ನುವ ಮರದ ಗೋಪುರ ಇದೆ. ಮೇಲೆ ಹತ್ತಿದರೆ ಕಡಲಿನಲ್ಲಿ ಉತ್ತ ಹೊಲ ಕಂಡಂತಾಗುತ್ತದೆ. ಉದ್ದುದ್ದ ಕಲ್ಲಿನ ದಿಬ್ಬ, ನಡುವೆ ನೀರು, ಮತ್ತೆ ದಿಬ್ಬ. ಹಿಂದೆ ಸರಿಯುತ್ತಿದ್ದ ಮಂಜುಗಡ್ಡೆಯ ಅಂಚಿನಲ್ಲಿ ರಾಶಿಬಿದ್ದ ಕಲ್ಲುಮಣ್ಣು ಅದು. ದಂಡೆಯಲ್ಲಿ ಕಿತ್ತಳೆ ಬಣ್ಣದ ಹುಳಿ ಹಣ್ಣಿನ ಮುಳ್ಳುಗಿಡಗಳು, ಅದರ ಹಿಂದೆ ಆಲ್ಡರ್, ಆಮೇಲೆ ಬರ್ಚ್, ಒಳಗೆ ಸ್ಪ್ರೂಸ್ ಕಾಡು. ನೀರಿನಿಂದ ಒಳಕ್ಕೆ ನಡೆದರೆ ಹೊಸ ನೆಲದಿಂದ ಹಳೇ ನೆಲಕ್ಕೆ ನಡೆದಂತೆ. ಕಡಲಿನಿಂದ ಅರ್ಧ ಬೇರೆಯಾದ ನೀರಿಗೆ ಅಲ್ಲಿನವರು ಫ್ಲಾಡಾ ಅನ್ನುತ್ತಾರೆ, ಪೂರ್ತಿ ಬೇರೆಯಾಗುತ್ತ ಬಂದದ್ದಕ್ಕೆ ಗ್ಲೂ. ವಸಂತದಲ್ಲಿ ಬೇಗ ಬೆಚ್ಚಗಾಗುವ ಆ ನೀರಿಗೆ ಮೀನುಗಳು ಮೊಟ್ಟೆ ಇಡಲು ಬರುತ್ತವೆ.

ಈಗ ನಿಜವಾದ ಪ್ರಶ್ನೆ. ಹೊಸ ನೆಲ ಯಾರದ್ದು? ದಂಡೆಯ ಮನೆಯವರದ್ದು ಅಂತ ನೀವು ಅಂದುಕೊಂಡರೆ ತಪ್ಪು. ಫಿನ್ಲೆಂಡಿನ ಕಾನೂನಿನಲ್ಲಿ ಅದು ನೀರಿನ ಒಡೆಯರದ್ದು. ಹಳ್ಳಿಗಳಲ್ಲಿ ನೀರು ಸಾಮಾನ್ಯವಾಗಿ ಒಟ್ಟು ಆಸ್ತಿ, ಭೂಮಿ ಇರುವ ಮನೆಗಳೆಲ್ಲ ಅದರಲ್ಲಿ ಪಾಲುದಾರರು. ಅಜ್ಜ ನೀರಿನ ಅಂಚಿಗೆ ಸೌನಾ, ಅಂದರೆ ಬಿಸಿ ಹಬೆಯ ಸ್ನಾನದ ಮನೆ, ಕಟ್ಟಿದ್ದಾನೆ ಅಂತಿಟ್ಟುಕೊಳ್ಳಿ. ಐವತ್ತು ವರ್ಷದಲ್ಲಿ ನೆಲ 40 ಸೆಂಟಿಮೀಟರ್ ಎದ್ದಿದೆ, ನೀರು ಹತ್ತಾರು ಮೀಟರ್ ಆಚೆ ಹೋಗಿದೆ. ಮೊಮ್ಮಗಳು ಸೌನಾದಿಂದ ಹೊರಬಂದು ನೀರಿಗೆ ಓಡಿದರೆ ಊರಿನ ಜಮೀನಿನ ಮೇಲೆ ಓಡುತ್ತಾಳೆ. ಆ ಪಟ್ಟಿ ಬೇಕಿದ್ದರೆ ಅಳತೆ ಮಾಡಿಸಿ, ದುಡ್ಡು ಕೊಟ್ಟು ತನ್ನದಾಗಿಸಿಕೊಳ್ಳಬೇಕು. ನನಗೆ ಈ ಕಾನೂನು ನ್ಯಾಯವಾಗಿಯೇ ಕಾಣುತ್ತದೆ. ಎಲ್ಲರೂ ಮೀನು ಹಿಡಿದ ನೀರು ನೆಲವಾದಾಗ ಒಬ್ಬರ ಪಾಲಾಗಬಾರದು.

ಬಿಟ್ಟಿ ನೆಲ ಅಂತ ಸುಮ್ನೆ ಖುಷಿಪಡುವಂತೆಯೂ ಇಲ್ಲ. ಹಳೇ ಕಡಲತಳದ ಕಪ್ಪು ಕೆಸರಿನಲ್ಲಿ ಗಂಧಕ ತುಂಬಿದೆ. ನೀರಿನಡಿ ಇರುವಷ್ಟು ದಿನ ತೊಂದರೆ ಇಲ್ಲ. ಬೇಸಾಯಕ್ಕೆಂದು ಕಾಲುವೆ ತೋಡಿ ಒಣಗಿಸಿದರೆ ಗಾಳಿ ತಾಗಿ ಆಮ್ಲವಾಗುತ್ತದೆ. ಮಳೆಗೆ ಅದು ಲೋಹಗಳನ್ನೂ ಎಳೆದುಕೊಂಡು ಹೊಳೆ ಸೇರುತ್ತದೆ, ಮೀನು ಸಾಯುತ್ತವೆ. ಯುರೋಪಿನಲ್ಲಿ ಇಂಥ ಮಣ್ಣು ಅತಿ ಜಾಸ್ತಿ ಇರುವ ಜಾಗಗಳಲ್ಲಿ ಈ ಸೀಮೆಯೂ ಒಂದು. ಆದರೂ ಕಡಲತಳ ಅನ್ನ ಕೊಟ್ಟಿದೆ. ಊರಿನ ದಕ್ಷಿಣಕ್ಕೆ ಸೋದರ್‌ಫ್ಯಾರ್ಡನ್ ಅನ್ನುವ ದುಂಡಗಿನ ಬಯಲಿದೆ. ಸುಮಾರು 52 ಕೋಟಿ ವರ್ಷ ಹಿಂದೆ ಉಲ್ಕೆ ಬಿದ್ದು ಆದ ಕುಳಿ ಅದು. ಆಮೇಲೆ ಕಡಲಿನ ತೋಳಾಗಿತ್ತು, ಈಗ ಗದ್ದೆ. ಶರತ್ಕಾಲದಲ್ಲಿ ಸಾವಿರಾರು ಕೊಕ್ಕರೆಗಳು ದಕ್ಷಿಣಕ್ಕೆ ಹೊರಡುವ ಮುಂಚೆ ಅಲ್ಲಿ ಇಳಿದು, ಕೊಯ್ಲಾದ ಗದ್ದೆಯಲ್ಲಿ ಕಾಳು ಹೆಕ್ಕುತ್ತವೆ.

ಕ್ವಾರ್ಕೆನ್ ಸುಮಾರು 2,000 ವರ್ಷದಲ್ಲಿ ಮುಚ್ಚಿಕೊಂಡು ಫಿನ್ಲೆಂಡ್, ಸ್ವೀಡನ್ ನಡುವೆ ನೆಲದ ದಾರಿಯಾಗುತ್ತದೆ, ಕೊಲ್ಲಿಯ ಉತ್ತರ ಭಾಗ ದೊಡ್ಡ ಕೆರೆಯಾಗುತ್ತದೆ ಅಂತ ಲೆಕ್ಕ ಹಾಕಿದ್ದರು. ಈಗ ಆ ಲೆಕ್ಕ ಅಲುಗಾಡುತ್ತಿದೆ. ಭೂಮಿ ಬಿಸಿಯಾಗಿ ಜಗತ್ತಿನ ಕಡಲು ವರ್ಷಕ್ಕೆ 3 ಮಿಲಿಮೀಟರ್‌ಗಿಂತ ಜಾಸ್ತಿ ಏರುತ್ತಿದೆ. ಹೆಲ್ಸಿಂಕಿ ಕಡೆ ನೆಲ ಏಳುವುದು ಇಲ್ಲಿನ ಅರ್ಧದಷ್ಟು ಮಾತ್ರ, ಅಲ್ಲಿ ಎರಡೂ ಹೆಚ್ಚುಕಮ್ಮಿ ಸಮಕ್ಕೆ ಬಂದಿವೆ. ವಾಸಾದಲ್ಲಿ ನೆಲವೇ ಇನ್ನೂ ಮುಂದಿದೆ, ಆದರೆ ಮೊದಲಿನಷ್ಟು ಮುಂದಿಲ್ಲ. ಸ್ವೆಡ್ಯೆಹಾಮ್ನ್‌ನ ಮೀನುಗಾರರ ದೋಣಿಗಳು ಸದ್ಯಕ್ಕೆ ಅಲ್ಲೇ ಇವೆ. ಅವುಗಳ ಬೆನ್ನ ಹಿಂದೆ, ಸ್ವಲ್ಪ ದೂರದಲ್ಲಿ, ಬೊಡ್‌ವಾಟ್ನೆಟ್‌ನ ಬೂದು ಕೊಟ್ಟಿಗೆಗಳ ಮುಂದೆ ಜೊಂಡು ದಟ್ಟವಾಗುತ್ತಿದೆ.