ಅಡ್ಮಿನ್ ಎಪಿಐ ಅಂದರೆ ಏನು? ಮ್ಯಾಪ್ ಸರ್ವಿಸ್‌ನ ಸೆಟ್ಟಿಂಗ್ ಸ್ಕ್ರಿಪ್ಟ್‌ನಿಂದ ಬದಲಿಸೋದು ಹೇಗೆ?

ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ 2021ರ ಚುನಾವಣೆ ಹೊತ್ತಿಗೆ 82 ವಾರ್ಡ್ ಇದ್ದವು. ಪ್ರತಿ ವಾರ್ಡಿನ ಮನೆಗಳ ನಕಾಶೆಯನ್ನು ಒಂದೊಂದು ಮ್ಯಾಪ್ ಸರ್ವಿಸ್ (ಕೇಳಿದವರಿಗೆ ಸರ್ವರ್ ಕಳಿಸಿಕೊಡುವ ನಕಾಶೆ) ಮಾಡಿ, ಅದನ್ನು ಕಳಿಸುವ ಸಾಫ್ಟ್‌ವೇರ್ ಆದ ಆರ್ಕ್‌ಜಿಐಎಸ್ ಸರ್ವರ್‌ಗೆ ಹಾಕಿದ್ದೀರಿ ಅಂದುಕೊಳ್ಳಿ. ನವನಗರದವರೊಬ್ಬರು ಫೋನ್ ಮಾಡುತ್ತಾರೆ: "ಸರ, ಓಣಿ ಮಂದಿ ಮನಿ ಎಲ್ಲಾ ಸಿಗತಾವ, ನಮ್ಮನೀನ ಸಿಗವಲ್ದು ನೋಡ್ರಿ." ಡೇಟಾದಲ್ಲಿ ಮನೆ ಇದೆ. ಆದರೆ ಆ ವಾರ್ಡಿನಲ್ಲಿ 1,400 ಮನೆ, ಸರ್ವಿಸ್‌ನ 'ಮ್ಯಾಕ್ಸ್ ರೆಕಾರ್ಡ್ ಕೌಂಟ್' ಮಾತ್ರ 1000. ಒಂದು ಸಲ ಕೇಳಿದರೆ ಸರ್ವರ್ ಅಷ್ಟೇ ಕೊಟ್ಟು ನಿಲ್ಲಿಸುತ್ತದೆ.

ಆ ಅಂಕಿ ಬದಲಿಸೋದು ಸುಲಭ. 82 ಸಲ ಬದಲಿಸೋದು ಸುಲಭ ಅಲ್ಲ, ಅಲ್ವಾ? ಮೌಸ್ ಹಿಡಿದು ಮಾಡುತ್ತ ಕೂತರೆ ಮಧ್ಯೆ ಎಲ್ಲೋ ಎರಡು ವಾರ್ಡ್ ಬಿಟ್ಟೇ ಹೋಗುತ್ತವೆ.

ಇಲ್ಲಿ ಬೇಕಾಗುವುದೇ ಅಡ್ಮಿನ್ ಎಪಿಐ. ಅಡ್ಮಿನ್ ಪುಟದಲ್ಲಿ ನಾವು ಕ್ಲಿಕ್ ಮಾಡಿ ಮಾಡುವ ಕೆಲಸವನ್ನೇ ನಮ್ಮ ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಂ, ಸರ್ವರ್‌ನ ಒಂದು ಗೊತ್ತಾದ ವೆಬ್ ವಿಳಾಸಕ್ಕೆ ಬರೆದು ಮಾಡಿಸಿಕೊಳ್ಳುವ ದಾರಿ ಇದು. ಮೊದಲು ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಟೋಕನ್, ಅಂದರೆ ಒಳಗೆ ಬಿಡುವ ತಾತ್ಕಾಲಿಕ ಪಾಸ್, ತಗೋಬೇಕು. ಅದಕ್ಕೆ ಅವಧಿ ಇರುತ್ತದೆ, ಮುಗಿದರೆ ಸ್ಕ್ರಿಪ್ಟ್ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಸರ್ವಿಸ್‌ನ ಸೆಟ್ಟಿಂಗ್ ಎಲ್ಲ ಜೇಸನ್ (JSON, ಹೆಸರು-ಬೆಲೆ ಜೋಡಿಗಳ ಪಠ್ಯ) ರೂಪದಲ್ಲಿ ಕೇಳಿ ಪಡೆಯಬೇಕು. ಅದರೊಳಗೆ 'ಪ್ರಾಪರ್ಟೀಸ್' ಅನ್ನೋ ಭಾಗದಲ್ಲಿ ನಮ್ಮ 1000 ಕೂತಿರುತ್ತದೆ, ಅದೂ ಉದ್ಧರಣ ಚಿಹ್ನೆಯ ಒಳಗೆ. ಅದನ್ನು 2000 ಮಾಡಿ 'ಎಡಿಟ್' ವಿಳಾಸಕ್ಕೆ ವಾಪಸ್ ಕಳಿಸಬೇಕು.

ಜಾಸ್ತಿ ಜನ ಎಡವೋದು ಇಲ್ಲೇ. ಬದಲಾದ ಒಂದು ಸಾಲನ್ನಷ್ಟೇ ಕಳಿಸಿದರೆ ನಡೆಯುವುದಿಲ್ಲ. ಉತಾರದಲ್ಲಿ ಒಂದು ಅಕ್ಷರ ತಿದ್ದಬೇಕಾದರೂ ಇಡೀ ಉತಾರವನ್ನೇ ಹೊಸದಾಗಿ ಬರೆದು ಕೊಟ್ಟ ಹಾಗೆ, ಜೇಸನ್ ಪೂರ್ತಿ ಹೋಗಬೇಕು. ಅದಕ್ಕೇ ನಾನು ಹಳೆಯ ಜೇಸನ್ ಅನ್ನು ವಾರ್ಡಿನ ಹೆಸರಲ್ಲಿ ಫೈಲ್ ಮಾಡಿ ಇಟ್ಟುಕೊಂಡೇ ಮುಂದೆ ಹೋಗುತ್ತೇನೆ. ಏನಾದರೂ ಕೆಟ್ಟರೆ ಅದನ್ನೇ ವಾಪಸ್ ಕಳಿಸಬಹುದು. ಇಂಥದ್ದೇ ಇನ್ನೊಂದು ನಕಾಶೆ ಸಾಫ್ಟ್‌ವೇರ್ ಜಿಯೋಸರ್ವರ್, ಅದರ ಎಪಿಐ ಬೇರೆ ಥರ. ಅಲ್ಲಿ ಲೇಯರ್‌ನ ಶೀರ್ಷಿಕೆ ಬದಲಿಸಲು ಶೀರ್ಷಿಕೆಯನ್ನಷ್ಟೇ ಕಳಿಸಿದರೆ ಸಾಕು.

ಇನ್ನೊಂದು ಮಾತು. ಎಡಿಟ್ ಆದ ಕೂಡಲೇ ಸರ್ವಿಸ್ ರೀಸ್ಟಾರ್ಟ್ ಆಗುತ್ತದೆ. ಒಮ್ಮೆ ಬೆಳಗ್ಗೆ 11 ಗಂಟೆಗೆ ನಾನು ಎಲ್ಲಾ ಸರ್ವಿಸ್‌ಗೂ ಒಟ್ಟಿಗೇ ಸ್ಕ್ರಿಪ್ಟ್ ಓಡಿಸಿದೆ. ಕೌಂಟರ್‌ನಲ್ಲಿ ಜನ ನಿಂತಿದ್ದರು, ಅವರೆದುರು ನಕಾಶೆ ಖಾಲಿ. ಆ ಹೊತ್ತು ಇನ್ನೂ ಮರೆತಿಲ್ಲ. ಈಗ ರಾತ್ರಿ ಓಡಿಸುತ್ತೇನೆ, ಒಂದು ಸರ್ವಿಸ್ ಮತ್ತೆ ಶುರುವಾಗಿದ್ದು ನೋಡಿಯೇ ಮುಂದಿನದಕ್ಕೆ ಹೋಗುವ ಹಾಗೆ ಬರೆದಿದ್ದೇನೆ. ನೀವೂ ಮೊದಲು ಒಂದೇ ವಾರ್ಡಿಗೆ ಓಡಿಸಿ ನೋಡಿ, ಅದು ಫೋನ್ ಮಾಡಿದ ಆ ನವನಗರದವರದ್ದೇ ಆಗಲಿ.