ಪುಣ್ಯಕೋಟಿ ಸತ್ಯವಂತೆ, ಸರಿ. ಆಧಾರ ಎಲ್ಲಿ?

ಪ್ರಶ್ನೆ: ‘ಪುಣ್ಯಕೋಟಿಯ ಗುಣಸ್ವಭಾವ ಬರೆಯಿರಿ’ ಎಂಬ ಪ್ರಶ್ನೆಗೆ ನನ್ನ ಮಗಳು ‘ಸತ್ಯವಂತೆ, ತ್ಯಾಗಮಯಿ, ಮಮತಾಮಯಿ’ ಎಂದು ಬರೆದಿದ್ದಾಳೆ. ಟೀಚರ್ ಕೆಂಪು ಇಂಕಿನಲ್ಲಿ ‘ಆಧಾರ?’ ಎಂದು ಬರೆದು ಅಂಕ ಕಳೆದಿದ್ದಾರೆ. ಇಡೀ ಗೋವಿನ ಹಾಡೇ ಆಧಾರವಲ್ಲವೇ ಮೇಷ್ಟ್ರೇ?
— ಅರಸೀಕೆರೆಯ ಒಬ್ಬ ತಾಯಿ

ಅಮ್ಮಾ, ಇಡೀ ಹಾಡೇ ಆಧಾರ ಅನ್ನುವುದು ಕೋರ್ಟಿನಲ್ಲಿ ನಿಂತು ‘ಇಡೀ ಊರೇ ಸಾಕ್ಷಿ ಸ್ವಾಮಿ’ ಅಂದ ಹಾಗೆ. ಜಡ್ಜು ಕೇಳುವುದು ಒಬ್ಬನ ಹೆಸರು. ಟೀಚರ್ ಕೇಳಿದ್ದೂ ಅಷ್ಟೇ, ಒಂದು ಸಾಲು.

ಹಾಗೆಂದ ಕೂಡಲೇ ಮಕ್ಕಳು ಓಡಿಹೋಗಿ ‘ಸತ್ಯವೇ ನಮ್ಮ ತಾಯಿ ತಂದೆ’ ಎಂಬ ಸಾಲನ್ನು ಹಿಡಿದು ತರುತ್ತಾರೆ. ಮೂವತ್ತು ವರ್ಷ ಕಡೂರಿನ ಕಡೆ ಪಾಠ ಮಾಡಿದವನು ನಾನು, ಪ್ರತಿ ಬ್ಯಾಚಿನಲ್ಲೂ ಇದೇ ಸಾಲು. ಆದರೆ ಅದು ಪುಣ್ಯಕೋಟಿ ತನ್ನ ಬಗ್ಗೆ ತಾನೇ ಆಡಿದ ಮಾತು. ಓಟು ಕೇಳಲು ಬಂದವರೂ ಅದನ್ನೇ ಹೇಳುತ್ತಾರೆ. ಮೊಲೆಯೂಡಿಸಿ ಬರುತ್ತೇನೆ ಅಂದಾಗ ಹುಲಿಯೇ ಅವಳನ್ನು ನಂಬಿರಲಿಲ್ಲ, ಬಿಟ್ಟರೆ ನುಸುಳಿ ಹೋಗುತ್ತೀಯ ಅಂದಿತ್ತು. ಹಾಗಾದರೆ ನಂಬಿಕೆ ಬರುವುದು ಎಲ್ಲಿ? ಅವಳು ಮರಳಿ ಬಂದಲ್ಲಿ. ಜಾಮೀನು ಇರಲಿಲ್ಲ, ಹುಲಿ ಬೆನ್ನು ಹತ್ತಿರಲಿಲ್ಲ, ದೊಡ್ಡಿಯಲ್ಲಿ ಬಳಗವೆಲ್ಲ ಸುತ್ತ ಇತ್ತು. ಉಳಿದುಬಿಡಬಹುದಿತ್ತು. ಬಂದು ನಿಂತು ‘ಖಂಡವಿದೆಕೋ ಮಾಂಸವಿದೆಕೋ ಗುಂಡಿಗೆಯ ಬಿಸಿರಕ್ತವಿದೆಕೋ’ ಅನ್ನುತ್ತಾಳೆ. ಆ ‘ಇದೆಕೋ’ವನ್ನು ಗಮನಿಸಿ, ಇದೋ ತಗೋ ಅಂತ. ಸಂತೆಯಲ್ಲಿ ಸಾಲ ಕೊಟ್ಟವನ ಕೈಗೆ ಒಂದೊಂದೇ ನೋಟು ಎಣಿಸಿ ಇಡುವ ಧಾಟಿ ಅದು. ಸತ್ಯವಂತೆ ಎಂಬುದಕ್ಕೆ ನಾನು ಕೊಡುವ ಸಾಲು ಇದು.

ಪಾತ್ರ ತನ್ನ ಗುಣವನ್ನು ಹೇಳಿಕೊಳ್ಳುವ ಕಡೆ ಅಲ್ಲ, ಬೇರೇನೋ ಕೆಲಸದಲ್ಲಿ ಮುಳುಗಿರುವ ಕಡೆ ಹುಡುಕಬೇಕು. ನನಗೆ ಇಡೀ ಹಾಡಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅಂಥದ್ದು. ‘ಆರ ಮೊಲೆಯನು ಕುಡಿಯಲಮ್ಮ’ ಎಂದು ಕರು ಅತ್ತ ಮೇಲೆ ಪುಣ್ಯಕೋಟಿ ಉಳಿದ ಹಸುಗಳ ಕಡೆ ತಿರುಗಿ ಹೇಳುತ್ತಾಳೆ:

ಮುಂದೆ ಬಂದರೆ ಹಾಯದಿರಿ
ಹಿಂದೆ ಬಂದರೆ ಒದೆಯದಿರಿ

ಇದನ್ನು ಮಕ್ಕಳು ರಾಗದಲ್ಲಿ ಹಾಡಿ ಮುಂದೆ ಹೋಗಿಬಿಡುತ್ತಾರೆ. ದನ ಕಟ್ಟಿದ ಮನೆಯವರಿಗೆ ಮಾತ್ರ ಇಲ್ಲಿ ಚುರುಕ್ ಅನ್ನುತ್ತದೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆ ಅಮೃತಮಹಲ್ ದನಗಳ ಕಾವಲುಗಳ, ಅಂದರೆ ಹುಲ್ಲುಗಾವಲುಗಳ ನೆಲ, ಅಜ್ಜಂಪುರದಲ್ಲಿ ಇವತ್ತಿಗೂ ಆ ತಳಿಯ ಸರ್ಕಾರಿ ಕೇಂದ್ರವಿದೆ. ಇಲ್ಲಿ ಯಾರನ್ನಾದರೂ ಕೇಳಿ: ಹಸು ತನ್ನ ಕರುವನ್ನು ಮೂಸಿ ಗುರುತು ಹಿಡಿಯುತ್ತದೆ. ಪರರ ಕರು ಎದುರು ಬಂದರೆ ಕೊಂಬು, ಹಿಂದಿನಿಂದ ಬಂದು ಕೆಚ್ಚಲಿಗೆ ಬಾಯಿ ಹಾಕಿದರೆ ಒದೆ. ಪುಣ್ಯಕೋಟಿಗೆ ಅದು ಗೊತ್ತು. ಸಾಯಲು ಹೊರಟವಳು ತನ್ನ ಬಳಗದ ಬಗ್ಗೆ ಭ್ರಮೆ ಇಟ್ಟುಕೊಂಡಿಲ್ಲ. ‘ಅಮ್ಮಗಳಿರಾ ಅಕ್ಕಗಳಿರಾ’ ಎಂದು ವರಸೆ ಹಿಡಿದು ಕರೆಯುತ್ತಾಳೆ, ‘ನಿಮ್ಮ ಕಂದನೆಂದು ಕಾಣಿರಿ’ ಎಂದೂ ಬೇಡುತ್ತಾಳೆ, ಆದರೆ ಕೊಂಬನ್ನೂ ಕಾಲನ್ನೂ ಹೆಸರಿಟ್ಟು ಹೇಳುವುದನ್ನು ಬಿಡುವುದಿಲ್ಲ. ‘ಮಮತಾಮಯಿ’ ಎಂಬ ಪದದೊಳಗೆ ಈ ಹೆಂಗಸು ಹಿಡಿಸುವುದಿಲ್ಲ. ಲೋಕ ಬಲ್ಲವಳು, ಸಾವಿನ ಹೊತ್ತಿನಲ್ಲೂ ಕೈಕೆಲಸ ಮುಗಿಸಿ ಹೋಗುವವಳು ಎಂದು ನಿಮ್ಮ ಮಗಳು ಬರೆಯಲಿ. ಗೈಡಿನಲ್ಲಿ ಈ ಗುಣ ಸಿಕ್ಕುವುದಿಲ್ಲ.

ಇಲ್ಲೊಂದು ಎಚ್ಚರ. ಕಾವಲಿನ ದನಗಳ ವಿಷಯ ನನಗೆ ಆ ಸಾಲನ್ನು ಓದಲು ಸಹಾಯ ಮಾಡಿತು, ಸಾಲಿನ ಬದಲಿಗೆ ನಿಲ್ಲಲಿಲ್ಲ. ಒಬ್ಬ ಹುಡುಗ ಒಮ್ಮೆ ಹಾಡಿನ ಹುಲಿ ಅರ್ಬುತನ ಬಗ್ಗೆ ‘ಅರ್ಬುತ ಕ್ರೂರಿ, ಏಕೆಂದರೆ ಭದ್ರಾ ಕಾಡಿನಲ್ಲಿ ಹುಲಿಗಳು ದನ ಹಿಡಿಯುತ್ತವೆ’ ಎಂದು ಬರೆದಿದ್ದ. ಭದ್ರಾ ಹುಲಿಗೂ ಹಾಡಿನ ಹುಲಿಗೂ ಸಂಬಂಧವಿಲ್ಲಪ್ಪಾ ಅಂದೆ. ತರಗತಿ ನಕ್ಕಿತು, ಅವನು ನಗಲಿಲ್ಲ.

ಆ ಅರ್ಬುತನದು ನಿಜಕ್ಕೂ ತೊಡಕಿನ ಕೇಸು. ಹಾಡು ಅವನನ್ನು ಮೊದಲು ತೋರಿಸುವಾಗ ‘ಅಬ್ಬರಿಸಿ ಹಸಿಹಸಿದು’ ಬೆಟ್ಟದ ಕಿಬ್ಬಿಯಲ್ಲಿದ್ದ ಅನ್ನುತ್ತದೆ. ಹಸಿದವನು, ಕೆಟ್ಟವನಲ್ಲ ಎಂದು ವಾದ ಹೂಡಬಹುದು. ಆದರೆ ಹಸುವನ್ನು ಅಡ್ಡಗಟ್ಟುವಾಗ ಹಾಡೇ ‘ದುಷ್ಟವ್ಯಾಘ್ರ’ ಅನ್ನುತ್ತದೆ, ಅದೇ ಪದ್ಯದ ಕೊನೆಗೆ ‘ಹುಲಿರಾಯ’ ಎಂದೂ ಅನ್ನುತ್ತದೆ. ನಮಗೆ ಬೇಕಾದ್ದನ್ನು ಮಾತ್ರ ಆರಿಸಿ, ಎದುರು ಸಾಕ್ಷಿಯನ್ನು ಮುಚ್ಚಿಡುವುದು ಮೋಸ. ಎರಡನ್ನೂ ಇಟ್ಟು ಆಮೇಲೆ ತೀರ್ಮಾನ ಹೇಳಿದರೆ ಉತ್ತರಕ್ಕೆ ತೂಕ ಬರುತ್ತದೆ.

ಇನ್ನು ಹುಲಿ ಬದಲಾಯಿತು ಅನ್ನುವುದಕ್ಕೆ ಎಲ್ಲರೂ ಕೊಡುವುದು ಅದರ ಕಣ್ಣೀರು ಮತ್ತು ಸಾವು. ಅದಕ್ಕಿಂತ ಸಣ್ಣದೊಂದು ಗುರುತಿದೆ. ‘ಸತ್ಯವಾಕ್ಯಕೆ ತಪ್ಪಿ ನಡೆದರೆ ಮೆಚ್ಚನಾ ಪರಮಾತ್ಮನು’ ಎಂದವಳು ಪುಣ್ಯಕೋಟಿ. ಕೊನೆಗೆ ಹುಲಿ ‘ಕನ್ಯೆಯಿವಳನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು’ ಅನ್ನುತ್ತದೆ. ಅವಳ ಮಾತನ್ನೇ ಎತ್ತಿಕೊಂಡಿದೆ. ನಂಬುವುದಿಲ್ಲ ಅಂದಿದ್ದ ಬಾಯಿಗೆ ಅವಳ ವಾಕ್ಯ ಬಂದು ಕೂತಿದೆ. ಬದಲಾದ ಮನಸ್ಸಿಗೆ ಇದಕ್ಕಿಂತ ಗಟ್ಟಿ ಸಾಕ್ಷಿಯನ್ನು ನಾನಂತೂ ಕೇಳುವುದಿಲ್ಲ.

ಜನಪದ ಹಾಡಾದ್ದರಿಂದ ಊರಿಗೊಂದು ಪಾಠಾಂತರವಿದೆ, ಪಠ್ಯಪುಸ್ತಕದವರು ಪದ್ಯಗಳನ್ನು ಕಡಿಮೆ ಮಾಡಿರುತ್ತಾರೆ ಕೂಡ. ಅಜ್ಜಿ ಹಾಡಿದ ಸಾಲು ಚೆನ್ನಾಗಿರಬಹುದು, ಪರೀಕ್ಷೆಯಲ್ಲಿ ಮಾತ್ರ ಕೈಯಲ್ಲಿರುವ ಪುಸ್ತಕದ ಸಾಲೇ ಬರೆಯಬೇಕು.

ನಾಲ್ಕು ವಾಕ್ಯ ಸಾಕು: ಗುಣ ಯಾವುದು, ಯಾವ ಸಾಲು, ಅದನ್ನು ಯಾರು ಯಾರಿಗೆ ಯಾವಾಗ ಹೇಳಿದರು, ಆ ಸಾಲಿನ ಯಾವ ಪದದಲ್ಲಿ ಗುಣ ಕಂಡಿತು. ನಾಲ್ಕನೆಯದನ್ನು ಎಲ್ಲರೂ ಹಾರಿಸುತ್ತಾರೆ. ಉತ್ತರ ಇರುವುದೇ ಅಲ್ಲಿ. ಮೂರು ಗುಣ ಗೀಚುವ ಬದಲು ಒಂದನ್ನು ಹೀಗೆ ಬರೆದರೆ ಆ ಟೀಚರ್ ಖಂಡಿತ ಅಂಕ ಕೊಡುತ್ತಾರೆ. ‘ಆಧಾರ?’ ಎಂದು ಕೇಳುವ ಟೀಚರ್ ಸಿಕ್ಕಿದ್ದು ಮಗುವಿನ ಪುಣ್ಯ, ಅವರ ಮೇಲೆ ಸಿಟ್ಟಾಗಬೇಡಿ.

ಹಾಂ, ಮರೆತಿದ್ದೆ. ಕರು ಹಾಕಿದ ಹಸುವನ್ನು ಹುಲಿ ‘ಕನ್ಯೆ’ ಅಂದದ್ದು ಏಕೆ ಎಂದು ಇವತ್ತು ರಾತ್ರಿ ಊಟದ ಹೊತ್ತಿಗೆ ಮಗಳನ್ನು ಕೇಳಿ ನೋಡಿ. ಏನಂದಳು ಎಂದು ನನಗೂ ಬರೆಯಿರಿ.